ಸೋವಿಯತ್ ಗುಟ್ಟು ಬಯಲು ಮಾಡಿದ ಶಾಲಾ ರೇಡಿಯೋ ಗುಂಪು: ಕೆಟರಿಂಗ್ ಗ್ರಾಮರ್ ಸ್ಕೂಲ್

ಶಾರ್ಟ್‌ವೇವ್ ಕೇಳುಗ

ಶಾಲೆಯಲ್ಲಿ ಹ್ಯಾಮ್ ರೇಡಿಯೋ (ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೋ) ಕ್ಲಬ್ ಶುರು ಮಾಡೋದು ಹೇಗೆ ಅಂತ ಇಲ್ಲಿ ಯಾರಾದರೂ ಕೇಳಿದರೆ ಮಾತು ನೇರ ಸೆಟ್ಟಿನ ರೇಟಿಗೆ ಹೋಗುತ್ತದೆ. ಎಷ್ಟು ವಾಟ್, ಯಾವ ಆಂಟೆನಾ, ಟವರ್ ಎಷ್ಟು ಎತ್ತರ. ಆ ಚರ್ಚೆ ಬೇಡ ಅಂತಲ್ಲ. ಆದರೆ ಶಾಲಾ ರೇಡಿಯೋ ಗುಂಪುಗಳ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವ ಕೆಲಸ ನಡೆದದ್ದು ಒಂದು ವಾಟ್ ಕೂಡ ಹೊರಗೆ ಕಳಿಸದೆ.

ಊರು ಕೆಟರಿಂಗ್. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನಲ್ಲಿದೆ. ಬೂಟು ಕಾರ್ಖಾನೆಗಳಿಗೆ ಹೆಸರಾದ ಊರು. ಅಲ್ಲಿನ ಗ್ರಾಮರ್ ಸ್ಕೂಲಿನಲ್ಲಿ ಜೆಫ್ರಿ ಪೆರಿ ಅಂತ ಒಬ್ಬರು ಭೌತಶಾಸ್ತ್ರದ ಮೇಷ್ಟ್ರು. ಡೆರೆಕ್ ಸ್ಲೇಟರ್ ಅಂತ ಇನ್ನೊಬ್ಬರು ರಸಾಯನಶಾಸ್ತ್ರದ ಮೇಷ್ಟ್ರು. ಸ್ಲೇಟರ್ ಲೈಸೆನ್ಸ್ ಇದ್ದ ಹ್ಯಾಮ್. ಶಾರ್ಟ್‌ವೇವ್ ರಿಸೀವರ್ ಅವರದ್ದು, ಲೆಕ್ಕಾಚಾರದ ಹುಚ್ಚು ಪೆರಿ ಅವರದ್ದು. ಡಾಪ್ಲರ್ ಪರಿಣಾಮವನ್ನು (ಸಿಗ್ನಲಿನ ಮೂಲ ಹತ್ತಿರ ಬರುವಾಗ ಫ್ರೀಕ್ವೆನ್ಸಿ ಏರಿ, ದೂರ ಹೋಗುವಾಗ ಇಳಿಯುವುದು) ಬೋರ್ಡಿನ ಮೇಲೆ ಬರೆದು ಹೇಳುವ ಬದಲು ಮಕ್ಕಳಿಗೆ ಕಿವಿಯಲ್ಲೇ ಕೇಳಿಸೋಣ ಅಂತ ಶುರುವಾದ ಪಾಠ ಇದು. 1960ರ ದಶಕ ಪೂರ್ತಿ ಹುಡುಗರ ಗುಂಪು ಸೋವಿಯತ್ ಉಪಗ್ರಹಗಳ ಸದ್ದು ಕೇಳುತ್ತಾ, ಬರೆದಿಡುತ್ತಾ ಹೋಯಿತು.

1966ರಲ್ಲಿ ಅವರ ಪುಸ್ತಕದಲ್ಲಿ ಒಂದು ಲೆಕ್ಕ ತಾಳೆಯಾಗಲಿಲ್ಲ. ಕಾಸ್ಮಾಸ್-112 ಅನ್ನುವ ಉಪಗ್ರಹ ಮಾರ್ಚ್ 17ರಂದು ಹಾರಿತ್ತು. ಅದರ ದಾರಿಯನ್ನು ಹಿಂದಕ್ಕೆ ಎಳೆದರೆ ಅದು ಆವರೆಗೆ ಗೊತ್ತಿದ್ದ ಯಾವ ಉಡಾವಣಾ ನೆಲೆಗೂ ಹೋಗಿ ಮುಟ್ಟುತ್ತಿರಲಿಲ್ಲ. ಅಕ್ಟೋಬರ್ 14ಕ್ಕೆ ಕಾಸ್ಮಾಸ್-129 ಹಾರಿತು. ಅದೂ ಹಾಗೇ. ಎರಡು ಗೆರೆಗಳು ಕೂಡಿದ ಜಾಗ ರಷ್ಯಾದ ಉತ್ತರದಲ್ಲಿ, ಆರ್ಖಾಂಗೆಲ್ಸ್ಕ್ ಕಡೆ. ಹತ್ತಿರದ ಊರು ಪ್ಲೆಸೆತ್ಸ್ಕ್. ನವೆಂಬರ್‌ನಲ್ಲಿ ಇದು ಬ್ರಿಟನ್ನಿನ ವಿಮಾನಯಾನ ಪತ್ರಿಕೆಯಲ್ಲಿ ಬಂತು, ಆಮೇಲೆ ಪೇಪರ್‌ಗಳೆಲ್ಲ ಎತ್ತಿಕೊಂಡವು. ಸೋವಿಯತ್ ಸರ್ಕಾರ ಆ ನೆಲೆ ಇದೆ ಅಂತ ಒಪ್ಪಿಕೊಂಡದ್ದು 1983ರಲ್ಲಿ!

ಎರಡನೇ ಬೆಂಚ್

ಸರ್, ಕಥೆ ಚೆನ್ನಾಗಿದೆ. ಆದರೆ ಒಂದು ಅರ್ಥ ಆಗಲಿಲ್ಲ. ಬೀಪ್ ಬೀಪ್ ಸದ್ದು ಕೇಳಿ ರಾಕೆಟ್ ಎಲ್ಲಿಂದ ಹಾರಿತು ಅಂತ ಹೇಗೆ ಹೇಳೋದು? ಉಪಗ್ರಹ ಮೇಲೆ ಹೋದ ಮೇಲೆ ತಾನೇ ಇವರು ಕೇಳಿದ್ದು? ನಾನು ಪಿಯುಸಿ, ಗಣಿತ ಹೇಳಿದರೂ ಓಕೆ.

ಫಿಸಿಕ್ಸ್ ಮೇಡಂ

ಒಳ್ಳೇ ಪ್ರಶ್ನೆ ಮರಿ. ಎರಡು ಭಾಗ ಮಾಡಿಕೊಳ್ಳೋಣ.

ಮೊದಲು, ಉಪಗ್ರಹ ನಮ್ಮ ಹತ್ತಿರ ಬಂದದ್ದು ಯಾವ ಹೊತ್ತಿಗೆ? ಆ ಕಾಲದ ಬಹಳಷ್ಟು ಕಾಸ್ಮಾಸ್‌ಗಳು 19.995 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಕೊಡುತ್ತಿದ್ದವು. ಉಪಗ್ರಹದ ವೇಗ ಸೆಕೆಂಡಿಗೆ ಸುಮಾರು 7.5 ಕಿ.ಮೀ. ಅದು ನಮ್ಮ ಕಡೆ ಬರುವಾಗ ಫ್ರೀಕ್ವೆನ್ಸಿ ಹೆಚ್ಚೆಂದರೆ 500 ಹರ್ಟ್ಸ್‌ನಷ್ಟು ಮೇಲಿರುತ್ತದೆ. ದೂರ ಹೋಗುವಾಗ ಅಷ್ಟೇ ಕೆಳಗೆ. 20 ಮೆಗಾಹರ್ಟ್ಸ್‌ನಲ್ಲಿ 500 ಹರ್ಟ್ಸ್ ಅಂದರೆ ಏನೂ ಅಲ್ಲ ಅನಿಸುತ್ತದೆ. ಆದರೆ ರಿಸೀವರಿನಲ್ಲಿ ಬೀಟ್ ಆಸಿಲೇಟರ್ (ಸಿಗ್ನಲನ್ನು ಕಿವಿಗೆ ಕೇಳುವ ಸ್ವರ ಮಾಡುವ ಸರ್ಕ್ಯೂಟ್) ಹಾಕಿದರೆ ಅದೇ ವ್ಯತ್ಯಾಸ ಸಿಳ್ಳೆಯಾಗಿ ಕೇಳುತ್ತದೆ. ಆ ಸಿಳ್ಳೆಯ ಸ್ವರ ಮೊದಲು ನಿಧಾನವಾಗಿ ಇಳಿಯುತ್ತದೆ, ನಡುವೆ ಸರ್ರನೆ ಇಳಿಯುತ್ತದೆ, ಮತ್ತೆ ನಿಧಾನ. ಸರ್ರನೆ ಇಳಿದ ಆ ಗಳಿಗೆಯೇ ಉಪಗ್ರಹ ಅತಿ ಹತ್ತಿರ ಇದ್ದ ಗಳಿಗೆ. ಒಬ್ಬ ಹುಡುಗ ಸ್ವರ ಅಳೆಯುತ್ತಾನೆ, ಇನ್ನೊಬ್ಬ ಗಡಿಯಾರ ನೋಡಿ ಬರೆಯುತ್ತಾನೆ. ಗ್ರಾಫ್ ಶೀಟಿನಲ್ಲಿ ಚುಕ್ಕಿ ಇಟ್ಟರೆ ಎಸ್ ಆಕಾರದ ಗೆರೆ ಬರುತ್ತದೆ. ರೈಲಿನ ಸೀಟಿಯ ಉದಾಹರಣೆ ಹೇಳಿ ಹೇಳಿ ನನಗೇ ಬೇಜಾರು ಬಂದಿದೆ. ಆ ಮಕ್ಕಳು ಪುಣ್ಯವಂತರು.

ಇನ್ನು ಎರಡನೇ ಭಾಗ. ಇಲ್ಲಿ ಸೋವಿಯತ್‌ನವರೇ ಸಹಾಯ ಮಾಡಿದ್ದಾರೆ! ಪ್ರತಿ ಉಡಾವಣೆ ಆದ ಮೇಲೆ ಅವರ ಸುದ್ದಿಸಂಸ್ಥೆ ತಾಸ್ ಒಂದು ಪ್ರಕಟಣೆ ಕೊಡುತ್ತಿತ್ತು. ಒಂದು ಸುತ್ತಿಗೆ ಎಷ್ಟು ನಿಮಿಷ, ಎತ್ತರ ಎಷ್ಟು, ಸಮಭಾಜಕಕ್ಕೆ ಓರೆ ಎಷ್ಟು ಡಿಗ್ರಿ, ಎಲ್ಲ ಇರುತ್ತಿತ್ತು. ಎಲ್ಲಿಂದ ಅನ್ನೋದು ಮಾತ್ರ ಇರುತ್ತಿರಲಿಲ್ಲ. ಈಗ ನಿನ್ನ ಹತ್ತಿರ ಓರೆ ಇದೆ, ಸುತ್ತಿನ ಅವಧಿ ಇದೆ, ಕೆಟರಿಂಗ್ ಪಕ್ಕದಲ್ಲಿ ಹಾದುಹೋದ ಹೊತ್ತೂ ಇದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಸುಮಾರು 90 ನಿಮಿಷಕ್ಕೆ ಒಂದು ಸುತ್ತು ಅಂದರೆ ಪ್ರತಿ ಸುತ್ತಿಗೂ ದಾರಿ 22.5 ಡಿಗ್ರಿಯಷ್ಟು ಪಶ್ಚಿಮಕ್ಕೆ ಸರಿಯುತ್ತದೆ. ಹಾಗೇ ಒಂದೊಂದೇ ಸುತ್ತು ಹಿಂದಕ್ಕೆ ಎಳೆಯುತ್ತಾ ಬಾ. ಮೊದಲ ಸುತ್ತಿನ ಗೆರೆ ಸಿಗುತ್ತದೆ. ರಾಕೆಟ್ ನೆಲೆ ಆ ಗೆರೆಯ ಮೇಲೇ ಎಲ್ಲೋ ಇರಬೇಕು. ಒಂದು ಉಪಗ್ರಹ ಕೊಡುವುದು ಗೆರೆ. ಬೇರೆ ಓರೆಯ ಇನ್ನೊಂದು ಉಪಗ್ರಹ ಸಿಕ್ಕರೆ ಬಿಂದು.

ಶಾರ್ಟ್‌ವೇವ್ ಕೇಳುಗ

ಮೇಡಂ, ಇಷ್ಟು ಚೆನ್ನಾಗಿ ನಾನು ಬರೆಯುತ್ತಿರಲಿಲ್ಲ. ಒಂದು ಮಾತು ಸೇರಿಸುತ್ತೇನೆ. ಕಾಸ್ಮಾಸ್-112ರ ಓರೆ 72 ಡಿಗ್ರಿ. 129ರದ್ದು 65. ಈ 65 ಇದೆಯಲ್ಲ, ಅದು ಸೋವಿಯತ್‌ನ ಗೊತ್ತಿದ್ದ ಉಡಾವಣಾ ನೆಲೆ ಬೈಕೊನೂರಿನಿಂದ ಮಾಮೂಲಿಯಾಗಿ ಬರುವ ಕೋನ. ಪೇಪರ್ ಓದಿದವರಿಗೆ ಅದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ದಾರಿ ಹಾದುಹೋದ ಹೊತ್ತು ಬರೆದಿಟ್ಟವರಿಗೆ ಮಾತ್ರ ಇದು ಬೈಕೊನೂರಿನದ್ದಲ್ಲ ಅಂತ ಗೊತ್ತಾಗಬೇಕು. ಬಿಂದು ಬಿದ್ದದ್ದು ಸುಮಾರು 63 ಡಿಗ್ರಿ ಉತ್ತರ, 41 ಡಿಗ್ರಿ ಪೂರ್ವದ ಹತ್ತಿರ.

ಬೈಕೊನೂರು ಅನ್ನುವ ಹೆಸರೂ ಕಣ್ಣಿಗೆ ಮಣ್ಣೆರಚುವ ಕೆಲಸವೇ. ನಿಜವಾದ ನೆಲೆ ಇದ್ದದ್ದು ತ್ಯುರಾತಾಮ್ ರೈಲು ನಿಲ್ದಾಣದ ಹತ್ತಿರ. ಮುನ್ನೂರು ಕಿ.ಮೀ. ಆಚೆಯ ಗಣಿ ಊರಿನ ಹೆಸರನ್ನು ತಂದು ಇದಕ್ಕೆ ಅಂಟಿಸಿದ್ದರು.

ಸಂಶಯಪ್ಪ

ಸುಮ್ನೆ ಹೊಗಳೋದು ಬೇಡ, ಎರಡು ತಕರಾರಿದೆ.

ಒಂದು, ಪ್ಲೆಸೆತ್ಸ್ಕ್ ಅಮೆರಿಕದವರಿಗೆ ಮೊದಲೇ ಗೊತ್ತಿತ್ತು. 1960ರ ಮೇ 1ರಂದು ಗ್ಯಾರಿ ಪವರ್ಸ್ ಅವರ ಯು-2 ಬೇಹು ವಿಮಾನವನ್ನು ಸೋವಿಯತ್‌ನವರು ಹೊಡೆದುರುಳಿಸಿದರಲ್ಲ, ಆ ದಿನ ಫೋಟೋ ತೆಗೆಯಬೇಕಿದ್ದ ಜಾಗಗಳ ಪಟ್ಟಿಯಲ್ಲಿ ಪ್ಲೆಸೆತ್ಸ್ಕ್ ಇತ್ತು. ಅದು ಖಂಡಾಂತರ ಕ್ಷಿಪಣಿಗಳ ನೆಲೆಯಾಗಿ ಶುರುವಾದದ್ದು. ಆಮೇಲೆ ಅಮೆರಿಕದ ಕೊರೋನಾ ಬೇಹು ಉಪಗ್ರಹಗಳೂ ಅದರ ಚಿತ್ರ ತೆಗೆದಿವೆ. ಹಾಗಿದ್ದ ಮೇಲೆ ಶಾಲೆ ಹುಡುಗರು 'ಪತ್ತೆ ಮಾಡಿದರು' ಅನ್ನೋದು ಎಷ್ಟು ಸರಿ?

ಎರಡು, ಇದು ಹ್ಯಾಮ್ ಕ್ಲಬ್ಬೇ ಅಲ್ಲ. ಸಿ.ಕ್ಯೂ. (ಯಾರಾದರೂ ಮಾತಾಡಿ ಅನ್ನುವ ಕರೆ) ಕೂಗಿಲ್ಲ, ಸಂಪರ್ಕ ಆಯ್ತು ಅಂತ ಕಳಿಸುವ ಕ್ಯೂ.ಎಸ್.ಎಲ್. ಕಾರ್ಡ್ ಇಲ್ಲ, ಎದುರಿಗೆ ಮಾತಾಡೋರೇ ಇಲ್ಲ. ಕೇಳೋದೇ ಹವ್ಯಾಸ ಆದರೆ ನಮ್ಮ ತಾತ ಟ್ರಾನ್ಸಿಸ್ಟರ್‌ನಲ್ಲಿ ಸಿಲೋನ್ ಕೇಳುತ್ತಿದ್ದರು, ಅವರೂ ಹ್ಯಾಮಾ?

ಡಾ ಡಿ ಡಾ

ಸಂಶಯಪ್ಪ ಅವರೇ, ತಾತನವರು ಸಿಲೋನಿನ ಫ್ರೀಕ್ವೆನ್ಸಿ ಎಷ್ಟು ಹರ್ಟ್ಸ್ ಜರುಗಿತು ಅಂತ ಬರೆದಿಟ್ಟಿದ್ದರೆ ಖಂಡಿತ ನಮ್ಮವರೇ.

ನಿಮ್ಮ ಎರಡನೇ ತಕರಾರಿಗೆ ನಾನು ಉತ್ತರ ಕೊಡುತ್ತೇನೆ. ಸ್ಪುಟ್ನಿಕ್ ಹಾರುವ ಮೊದಲೇ, 1957ರಲ್ಲಿ, ಸೋವಿಯತ್‌ನ 'ರೇಡಿಯೋ' ಅನ್ನುವ ಹವ್ಯಾಸಿಗಳ ಪತ್ರಿಕೆ ಯಾವ ಫ್ರೀಕ್ವೆನ್ಸಿಯಲ್ಲಿ ಕೇಳಬೇಕು ಅಂತ ಅಚ್ಚು ಹಾಕಿತ್ತು. ಕೇಳಿದ್ದನ್ನು ಬರೆದು ಕಳಿಸಿ ಅಂತ ಹವ್ಯಾಸಿಗಳನ್ನೇ ಕೇಳಿಕೊಂಡಿತ್ತು. ಸ್ಪುಟ್ನಿಕ್ 20.005 ಮತ್ತು 40.002 ಮೆಗಾಹರ್ಟ್ಸ್‌ನಲ್ಲಿತ್ತು. ಅಮೆರಿಕದ ಡಬ್ಲ್ಯೂ.ಡಬ್ಲ್ಯೂ.ವಿ. ಸ್ಟೇಷನ್ ಗಡಿಯಾರದ ಸಮಯ ಹೇಳೋದು ಸರಿಯಾಗಿ 20 ಮೆಗಾಹರ್ಟ್ಸ್‌ನಲ್ಲಿ. ಐದೇ ಕಿಲೋಹರ್ಟ್ಸ್ ಪಕ್ಕದಲ್ಲಿ ಅಳತೆಗೋಲು ಸಿಕ್ಕ ಹಾಗಾಯಿತು. ಜಗತ್ತಿನ ಹ್ಯಾಮ್‌ಗಳೆಲ್ಲ ಅದನ್ನು ಪಕ್ಕದಲ್ಲಿಟ್ಟುಕೊಂಡೇ ಸ್ಪುಟ್ನಿಕ್ ಅಳೆದರು. ಉಪಗ್ರಹ ಕೇಳುವ ಕೆಲಸ ಹುಟ್ಟಿದ್ದೇ ಹ್ಯಾಮ್ ಶ್ಯಾಕ್‌ನಲ್ಲಿ (ಹವ್ಯಾಸಿಯ ರೇಡಿಯೋ ಕೋಣೆಯಲ್ಲಿ). ಕೆಟರಿಂಗ್‌ಗೂ ಅದು ಹ್ಯಾಮ್ ಮೇಷ್ಟ್ರಿಂದಲೇ ಬಂತು.

ಇನ್ನೊಂದು ತಾಂತ್ರಿಕ ವಿಷಯ. 20 ಮೆಗಾಹರ್ಟ್ಸ್ ಅಂದರೆ ಶಾರ್ಟ್‌ವೇವ್. ವಾತಾವರಣದ ಮೇಲ್ಪದರ ಅಯಾನುಗೋಳ ಅದನ್ನು ಬಗ್ಗಿಸುತ್ತದೆ. ಉಪಗ್ರಹ ಇನ್ನೂ ದಿಗಂತದ ಕೆಳಗಿರುವಾಗಲೇ ಕೆಲವೊಮ್ಮೆ ಸದ್ದು ಬಂದುಬಿಡುತ್ತದೆ. ಸಿಗ್ನಲ್ ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ನಂಬಿ ಲೆಕ್ಕ ಮಾಡಿದರೆ ಎಡವಟ್ಟು. ನಡುವಿನ ಆ ಇಳಿಜಾರನ್ನೇ ನೋಡಬೇಕು. ಇದನ್ನು ಗೊತ್ತು ಮಾಡಿಕೊಳ್ಳೋಕೆ ಬ್ಯಾಂಡ್ ಮೇಲೆ ಕೂತ ಅನುಭವ ಬೇಕು. ಮೈಕ್ ಹಿಡಿದು ಕೂಗೋದು ವಾರದಲ್ಲಿ ಬರುತ್ತದೆ, ಇದು ಬರೋದಿಲ್ಲ.

ಶಾರ್ಟ್‌ವೇವ್ ಕೇಳುಗ

ಮೊದಲ ತಕರಾರು ನನ್ನ ಪಾಲಿಗೆ. ಸಂಶಯಪ್ಪ ಹೇಳಿದ್ದು ನಿಜ, ಸಿಐಎಗೆ ಗೊತ್ತಿತ್ತು. ಆದರೆ ಅವರು ಹೇಳಿದರಾ? ಇಲ್ಲ. ತಮಗೆ ಗೊತ್ತು ಅಂತ ಹೇಳಿದರೆ ಹೇಗೆ ಗೊತ್ತಾಯಿತು ಅನ್ನೋದೂ ಹೊರಬೀಳುತ್ತದೆ. ಗುಟ್ಟು ಇಟ್ಟವರೂ ಬಾಯಿಬಿಡಲಿಲ್ಲ, ಗುಟ್ಟು ಕದ್ದವರೂ ಬಾಯಿಬಿಡಲಿಲ್ಲ. ನಿಮಗೂ ನನಗೂ ತಿಳಿಯುವ ಹಾಗೆ ಮೊದಲು ಹೇಳಿದವರು ಕೆಟರಿಂಗ್‌ನವರು. ಅದೂ ಯಾರು ಬೇಕಾದರೂ ಕೂತು ಮತ್ತೆ ಮಾಡಿ ನೋಡಬಹುದಾದ ಲೆಕ್ಕದ ಮೂಲಕ. 'ನಂಬಿಕಸ್ತ ಮೂಲಗಳಿಂದ' ಅನ್ನುವ ಮಾತೇ ಬೇಕಾಗಲಿಲ್ಲ. ನನಗೆ ಅದು ಪತ್ತೆಯೇ.

ಆ ನೆಲೆ ಸಣ್ಣದೂ ಅಲ್ಲ. ಮುಂದೆ ಹಲವು ವರ್ಷ ಜಗತ್ತಿನಲ್ಲೇ ಅತಿ ಹೆಚ್ಚು ಉಡಾವಣೆ ನಡೆದದ್ದು ಅಲ್ಲಿಂದ.

ಮಲ್ನಾಡ್ ಆಂಟೆನಾ

ನನಗೆ ಪ್ಲೆಸೆತ್ಸ್ಕ್‌ಗಿಂತ ಅವರ ದಿನನಿತ್ಯದ ಕೆಲಸ ಇಷ್ಟ. ಅದರ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಸ್ವಲ್ಪ ಬರೆಯುತ್ತೇನೆ.

ಕಾಸ್ಮಾಸ್ ಅನ್ನುವುದು ಒಂದು ಜಾತಿಯ ಉಪಗ್ರಹ ಅಲ್ಲ. ಹವಾಮಾನ, ಪ್ರಯೋಗ, ಬೇಹುಗಾರಿಕೆ, ಕೆಟ್ಟುಹೋದ ಗ್ರಹಯಾನ, ಎಲ್ಲಕ್ಕೂ ಅದೇ ಹೆಸರು. ಯಾವುದು ಏನು ಅಂತ ಹೇಳೋರಿಲ್ಲ. ಕೆಟರಿಂಗ್ ಹುಡುಗರು ಸದ್ದು ಕೇಳಿ ಜಾತಿ ವಿಂಗಡಿಸುತ್ತಿದ್ದರು. ನಮ್ಮ ಕಾಡಿನಲ್ಲಿ ಹಕ್ಕಿ ಕಾಣದೆಯೇ ಕೂಗಿನಿಂದ ಹೆಸರು ಹೇಳುವ ಅಜ್ಜಂದಿರ ಹಾಗೆ. ಯಾವ ಫ್ರೀಕ್ವೆನ್ಸಿ, ಪಲ್ಸ್ ಉದ್ದ ಎಷ್ಟು, ಎಷ್ಟು ದಿನ ಇರುತ್ತದೆ ಅನ್ನುವುದರ ಮೇಲೆ ಗುಂಪು ಮಾಡಿದರು.

ಅದರಲ್ಲಿ ಒಂದು ಜಾತಿ ಎಂಟು ದಿನ ಸುತ್ತಿ ಮಾಯವಾಗುತ್ತಿತ್ತು. ಅದು ಜೆನಿತ್. ಗಗಾರಿನ್ ಹೋದ ವೋಸ್ತೋಕ್ ನೌಕೆಯ ಒಡಹುಟ್ಟು. ಮನುಷ್ಯ ಕೂರುವ ಜಾಗದಲ್ಲಿ ಕ್ಯಾಮೆರಾ. ಎಂಟು ದಿನ ಫೋಟೋ ತೆಗೆದು ಫಿಲ್ಮ್ ಸಮೇತ ಕೆಳಗೆ ಇಳಿಯುತ್ತಿತ್ತು. ಕಾಸ್ಮಾಸ್-112 ಕೂಡ ಇದೇ ಜಾತಿ. ಇಳಿಯುವಾಗ ಕ್ಯಾಪ್ಸೂಲಿನ ಬೀಕನ್ (ಇರುವ ಜಾಗ ತಿಳಿಸುವ ಟ್ರಾನ್ಸ್‌ಮಿಟರ್) ಮೋರ್ಸ್ ಸಂಕೇತದಲ್ಲಿ ಎರಡೇ ಅಕ್ಷರ ಕಳಿಸುತ್ತಿತ್ತು: ಟಿ, ಕೆ. ಡಾ. ಡಾ ಡಿ ಡಾ. ಮತ್ತೆ ಡಾ. ಡಾ ಡಿ ಡಾ. ಸೋವಿಯತ್ ಹುಲ್ಲುಗಾವಲಿನ ಮೇಲೆ ಪ್ಯಾರಾಚೂಟಿನಲ್ಲಿ ತೂಗಾಡುತ್ತಿರುವ ಬೇಹು ಕ್ಯಾಮೆರಾ, ಅದರ ಸದ್ದು ಇಂಗ್ಲೆಂಡಿನ ಶಾಲೆಯ ಕೋಣೆಯಲ್ಲಿ! ಅಯಾನುಗೋಳದ ಕೃಪೆ.

(ಡಾ ಡಿ ಡಾ ಅವರೇ, ನಿಮ್ಮ ಹೆಸರು ಇದರಿಂದಲೇ ಬಂದದ್ದಾ?)

ಡಾ ಡಿ ಡಾ

ಅಲ್ಲ ಮಾರಾಯ್ರೇ. ಮೋರ್ಸ್‌ನಲ್ಲಿ ಕೆ ಅಂದರೆ 'ನಂದಾಯ್ತು, ನೀವು ಹೇಳಿ'. ಅಷ್ಟೇ.

ಸಂಶಯಪ್ಪ

ಸರಿ, ಸೋತೆ. ಆದರೆ ಇನ್ನೊಂದು ಕೇಳಲೇಬೇಕು. ಇದರಲ್ಲಿ ಹುಡುಗರ ಪಾಲೆಷ್ಟು, ಪೆರಿ ಮೇಷ್ಟ್ರ ಪಾಲೆಷ್ಟು? ನಮ್ಮಲ್ಲಿ ವಿಜ್ಞಾನ ಮೇಳದ ಮಾಡೆಲ್‌ಗಳನ್ನು ಯಾರು ಮಾಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ಪ್ರೈಜ್ ತಗೊಳ್ಳೋಕೆ ಮಾತ್ರ ಮಕ್ಕಳು.

ಶಾರ್ಟ್‌ವೇವ್ ಕೇಳುಗ

ಹಹ್ಹ, ಇದು ನ್ಯಾಯವಾದ ಪ್ರಶ್ನೆ. ಲೆಕ್ಕದ ತಲೆ ಪೆರಿ ಅವರದ್ದೇ. ಅದರಲ್ಲಿ ಎರಡು ಮಾತಿಲ್ಲ. 1973ರಲ್ಲಿ ಬ್ರಿಟಿಷ್ ಸರ್ಕಾರ ಎಂ.ಬಿ.ಇ. ಗೌರವ ಕೊಟ್ಟದ್ದೂ ಅವರಿಗೇ. 2000ದ ಜನವರಿಯಲ್ಲಿ ತೀರಿಕೊಂಡರು. ಬಾಹ್ಯಾಕಾಶದ ದೊಡ್ಡ ಸುದ್ದಿ ಬಂದಾಗ ಟಿವಿಯವರೂ ಅವರನ್ನೇ ಕೇಳುತ್ತಿದ್ದರು.

ಆದರೆ ಒಬ್ಬರೇ ಮಾಡುವ ಕೆಲಸ ಇದಲ್ಲ ಅನ್ನೋದನ್ನೂ ನೋಡಿ. ಉಪಗ್ರಹ ಸ್ಕೂಲ್ ಬೆಲ್ ನೋಡಿ ಬರೋದಿಲ್ಲ. ಬೆಳಿಗ್ಗೆ ಬೇಗ ಬರುತ್ತದೆ, ಪಾಠದ ನಡುವೆ ಬರುತ್ತದೆ, ಭಾನುವಾರ ಬರುತ್ತದೆ. ಪಾಳಿ ಹಾಕಿಕೊಂಡು ಕೂರೋಕೆ ಕಿವಿಗಳು ಬೇಕು. ಮುಂದಿನ ವರ್ಷ ಆ ಹುಡುಗರು ಪಾಸಾಗಿ ಹೋಗುತ್ತಾರೆ, ಹೊಸಬರು ಬರುತ್ತಾರೆ. ಪುಸ್ತಕ ಮಾತ್ರ ಅದೇ. 1966ರಲ್ಲಿ ಒಂದು ದಾರಿ 'ಸರಿಯಿಲ್ಲ' ಅನಿಸಬೇಕಾದರೆ ಅದಕ್ಕೂ ಹಿಂದಿನ ವರ್ಷಗಳ 'ಸರಿಯಾದ' ದಾರಿಗಳು ಬರಹದಲ್ಲಿ ಇರಬೇಕಲ್ಲ. ಆ ಪುಟಗಳನ್ನು ತುಂಬಿದ್ದರಲ್ಲಿ ಹುಡುಗರ ಪಾಲು ಇದೆ. ನನ್ನ ಮಟ್ಟಿಗೆ ಪ್ಲೆಸೆತ್ಸ್ಕ್ ಸಿಕ್ಕಿದ್ದು ಅಲ್ಲೇ, ರಿಸೀವರಿನಲ್ಲಲ್ಲ.

ಮುಂದೆ ಇದು ಶಾಲೆಯ ಗೋಡೆ ದಾಟಿತು. ಸ್ವೀಡನ್ನಿನ ಸ್ವೆನ್ ಗ್ರಾನ್ ಥರದವರು ಬೇರೆ ಬೇರೆ ದೇಶಗಳಿಂದ ಕೇಳಿ ಕಳಿಸತೊಡಗಿದರು. 'ಕೆಟರಿಂಗ್ ಗ್ರೂಪ್' ಅನ್ನುವ ಹೆಸರು ಶಾಲೆಗಿಂತ ದೊಡ್ಡದಾಯಿತು.

ಪೀಣ್ಯ ಎರಡನೇ ಹಂತ

ಈ ಚರ್ಚೆಯಲ್ಲಿ ನಮ್ಮ ಏರಿಯಾ ಹೆಸರು ಬರಲಿಲ್ಲ ಅಂತ ಕಾಯುತ್ತಿದ್ದೆ. ಆರ್ಯಭಟ ಕಟ್ಟಿದ್ದು ಪೀಣ್ಯದ ಶೆಡ್‌ಗಳಲ್ಲಿ, ಉಡುಪಿ ಕಡೆಯ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ. 360 ಕೆ.ಜಿ. ತೂಕ. ಹಾರಿದ್ದು 1975ರ ಏಪ್ರಿಲ್ 19ರಂದು ಸೋವಿಯತ್‌ನ ಕಾಪುಸ್ತಿನ್ ಯಾರ್ ನೆಲೆಯಿಂದ. ಭಾಸ್ಕರ-1, ಭಾಸ್ಕರ-2 ಕೂಡ ಅಲ್ಲಿಂದಲೇ. ಐ.ಆರ್.ಎಸ್-1ಎ ಬೈಕೊನೂರಿನಿಂದ, 1988ರ ಮಾರ್ಚ್ 17. ಮೇಲೆ ಕಾಸ್ಮಾಸ್-112ರ ತಾರೀಖು ನೋಡಿ, ಅದೂ ಮಾರ್ಚ್ 17. ಅರ್ಥ ಏನೂ ಇಲ್ಲ, ಸುಮ್ನೆ ಹೇಳಿದೆ.

ಎರಡನೇ ಬೆಂಚ್ ತಮ್ಮನಿಗೆ ಒಂದು ಹೋಮ್‌ವರ್ಕ್. ಆರ್ಯಭಟದ ಓರೆ ಸುಮಾರು 50.7 ಡಿಗ್ರಿ. ಕಾಪುಸ್ತಿನ್ ಯಾರ್ ಇರುವುದು 48.5 ಡಿಗ್ರಿ ಅಕ್ಷಾಂಶದಲ್ಲಿ, ಬೈಕೊನೂರು 46ರಲ್ಲಿ. ಬರೀ ಓರೆ ನೋಡಿ ಇದು ಯಾವ ನೆಲೆಯಿಂದ ಹಾರಿತು ಅಂತ ಹೇಳೋಕೆ ಆಗುತ್ತದಾ?

ಎರಡನೇ ಬೆಂಚ್

ಆಗಲ್ಲ ಅಣ್ಣ. ನೇರ ಹಾರಿಸಿದರೆ ಓರೆ ಅಕ್ಷಾಂಶಕ್ಕಿಂತ ಕಮ್ಮಿ ಆಗೋ ಹಾಗಿಲ್ಲ. 50.7 ಎರಡಕ್ಕಿಂತಲೂ ಜಾಸ್ತಿ, ಹಾಗಾಗಿ ಎರಡೂ ಸಾಧ್ಯ. ಮೊದಲ ಸುತ್ತಿನ ಗೆರೆ ಎಳೆದು ನೋಡಬೇಕು. ಆದರೆ 63 ಡಿಗ್ರಿಯ ಪ್ಲೆಸೆತ್ಸ್ಕ್ ಅಂತೂ ಅಲ್ಲ ಅಂತ ಈಗಲೇ ಹೇಳಬಹುದು. ಸರೀನಾ?

ಈಗ ನನ್ನ ಡೌಟು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಓರೆ 51.6 ಅಂತ ಓದಿದ್ದೆ. ಅದರ ಮೊದಲ ಭಾಗ ಬೈಕೊನೂರಿನಿಂದ ಹೋಯಿತಲ್ಲ. ಅಕ್ಷಾಂಶ 46 ಇರುವಾಗ 46ರಲ್ಲೇ ಹಾರಿಸಿದ್ದರೆ ಭೂಮಿಯ ತಿರುಗುವಿಕೆ ಜಾಸ್ತಿ ಸಹಾಯ ಮಾಡುತ್ತಿರಲಿಲ್ಲವಾ?

ಫಿಸಿಕ್ಸ್ ಮೇಡಂ

ಭೇಷ್! ಎರಡೂ ಸರಿ. ನೇರ ಪೂರ್ವಕ್ಕೆ ಹಾರಿಸಿದರೆ ಲಾಭ ಜಾಸ್ತಿ. ಆದರೆ ಉರಿದು ಮುಗಿದ ರಾಕೆಟ್ ಹಂತಗಳು ಚೀನಾದ ನೆಲದ ಮೇಲೆ ಬೀಳುತ್ತವೆ. ಅದಕ್ಕೇ ಸ್ವಲ್ಪ ಉತ್ತರಕ್ಕೆ ತಿರುಗಿಸಿ ಕಳಿಸುತ್ತಾರೆ. 51.6 ಬಂದದ್ದು ಹಾಗೆ. ನೋಡು, ಒಂದು ಸಂಖ್ಯೆಯಿಂದ ಭೂಪಟದ ಗಡಿಯೂ ಗೊತ್ತಾಯಿತು.

ಸರ್ಕಾರಿ ಪ್ರೌಢಶಾಲೆ ವಿಜ್ಞಾನ

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಮಟ್ಟದ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಇದನ್ನೆಲ್ಲ ಓದಿ ಒಂಬತ್ತನೇ ತರಗತಿ ಮಕ್ಕಳ ಜೊತೆ ಏನಾದರೂ ಮಾಡೋಣ ಅನಿಸಿದೆ. ನನಗೆ ಹ್ಯಾಮ್ ಲೈಸೆನ್ಸ್ ಇಲ್ಲ. ಪ್ರಸಾರ ಮಾಡೋ ಆಸೆಯೂ ಸದ್ಯಕ್ಕಿಲ್ಲ. ಈಗ ಕೇಳೋಕೆ ಆಕಾಶದಲ್ಲಿ ಏನು ಸಿಗುತ್ತದೆ? ನಮ್ಮ ಇಸ್ರೋದವರ ಹ್ಯಾಮ್ ಉಪಗ್ರಹ ಇದೆ ಅಂತ ಯಾರೋ ಹೇಳಿದ್ದರು.

ಡಾ ಡಿ ಡಾ

ಮೇಷ್ಟ್ರೇ, ನೀವು ಹೇಳುತ್ತಿರುವುದು ಹ್ಯಾಮ್‌ಸ್ಯಾಟ್. 2005ರ ಮೇ 5ರಂದು ಕಾರ್ಟೋಸ್ಯಾಟ್-1ರ ಜೊತೆ ಹಾರಿತು. 42.5 ಕೆ.ಜಿ. ತೂಕದ ಸಣ್ಣ ಪೆಟ್ಟಿಗೆ. ಒಳಗಿದ್ದ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ (ಸಿಗ್ನಲ್ ಪಡೆದು ಮತ್ತೆ ಕೆಳಗೆ ಕಳಿಸುವ ಸಾಧನ) ಒಂದು ನಮ್ಮದು, ಇನ್ನೊಂದನ್ನು ಮಾಡಿದ್ದು ನೆದರ್‌ಲೆಂಡ್ಸ್‌ನ ಒಬ್ಬ ವಿದ್ಯಾರ್ಥಿ. ಎರಡು ವರ್ಷ ಬಾಳಲಿ ಅಂತ ಮಾಡಿದ್ದು, 2014ರ ತನಕ ದುಡಿಯಿತು. ಈಗ ಇಲ್ಲ.

ಈಗ ಸಿಗುವುದು ಬಾಹ್ಯಾಕಾಶ ನಿಲ್ದಾಣ. 145.800 ಮೆಗಾಹರ್ಟ್ಸ್, ಎಫ್‌ಎಂ. ಯಾವಾಗಲೂ ಮಾತು ಇರೋದಿಲ್ಲ, ಶಾಲೆಗಳ ಜೊತೆ ಮಾತಾಡುವ ಕಾರ್ಯಕ್ರಮ ಇದ್ದಾಗ ಕಿವಿಗೊಡಿ. 2025ರ ಜುಲೈ 4ರಂದು ಶುಭಾಂಶು ಶುಕ್ಲಾ ಅಲ್ಲಿಂದ ಹ್ಯಾಮ್ ರೇಡಿಯೋದಲ್ಲೇ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿದ್ದ ಮಕ್ಕಳ ಜೊತೆ ಮಾತಾಡಿದರು. ಆ ಫ್ರೀಕ್ವೆನ್ಸಿಯಲ್ಲಿ ಡಾಪ್ಲರ್ ಸುಮಾರು 3.5 ಕಿಲೋಹರ್ಟ್ಸ್ ಬರುತ್ತದೆ. ಕೆಟರಿಂಗ್‌ನವರಿಗೆ ಸಿಕ್ಕಿದ್ದಕ್ಕಿಂತ ಏಳು ಪಟ್ಟು. ರೇಡಿಯೋ ಹಿಡಿಯುವ ಯುಎಸ್‌ಬಿ ಡಾಂಗಲ್ ಹಾಕಿ ಲ್ಯಾಪ್‌ಟಾಪ್ ಪರದೆಯಲ್ಲಿ ನೋಡಿದರೆ ಎಸ್ ಆಕಾರ ಕಣ್ಣಿಗೇ ಕಾಣುತ್ತದೆ.

ಮಲ್ನಾಡ್ ಆಂಟೆನಾ

ಅಮೆರಿಕದ ನೋವಾ ಹವಾಮಾನ ಉಪಗ್ರಹಗಳ ಚಿತ್ರ ಹಿಡಿಯಿರಿ ಅಂತ ಹಳೇ ವಿಡಿಯೋಗಳು ಹೇಳುತ್ತವೆ. ಅದನ್ನು ನಂಬಿ ಕೂರಬೇಡಿ. ಆ ಹಳೇ ಮೂರನ್ನೂ 2025ರಲ್ಲಿ ನಿಲ್ಲಿಸಿಬಿಟ್ಟರು. ರಷ್ಯಾದ ಹವಾಮಾನ ಉಪಗ್ರಹ ಮೆಟಿಯೋರ್ ಇದೆ, 137 ಮೆಗಾಹರ್ಟ್ಸ್ ಪಟ್ಟಿಯಲ್ಲೇ. ಉಕ್ಕಿನ ಅಳತೆ ಟೇಪು ಕತ್ತರಿಸಿ ಪಿವಿಸಿ ಪೈಪಿಗೆ ಕಟ್ಟಿದರೆ ಕೈಯಲ್ಲಿ ಹಿಡಿದು ತಿರುಗಿಸೋ ಯಾಗಿ ಆಂಟೆನಾ ಆಗುತ್ತದೆ. ಟೇಪಿನ ಬಣ್ಣ ಕೆರೆದು ತೆಗೆಯದೆ ಬೆಸುಗೆ ಹಾಕೋಕೆ ಹೋಗಬೇಡಿ, ಹಿಡಿಯೋದಿಲ್ಲ. ಅಂಚು ಚೂಪಾಗಿರುತ್ತದೆ, ಇನ್ಸುಲೇಷನ್ ಟೇಪ್ ಸುತ್ತಿ ಮಕ್ಕಳ ಕೈಗೆ ಕೊಡಿ.

ಸರ್ಕಾರಿ ಪ್ರೌಢಶಾಲೆ ವಿಜ್ಞಾನ

ಇಷ್ಟಾದರೆ ಮಾಡಬಹುದು. ಪುಸ್ತಕದಲ್ಲಿ ಏನೇನು ಕಾಲಂ ಹಾಕಲಿ? ಸಮಯ ನಮ್ಮದೇ ಬರೆಯೋಣವಾ, ಜಗತ್ತಿಗೆಲ್ಲ ಒಂದೇ ಆದ ಯುಟಿಸಿನಾ?

ಶಾರ್ಟ್‌ವೇವ್ ಕೇಳುಗ

ತಾರೀಖು, ಸಮಯ, ಉಪಗ್ರಹದ ಹೆಸರು, ಫ್ರೀಕ್ವೆನ್ಸಿ, ಆಂಟೆನಾ ಯಾವ ದಿಕ್ಕಿಗೆ, ಕೇಳಿದವರ ಹೆಸರು. ಕೊನೆಗೆ ದೊಡ್ಡದೊಂದು ಖಾಲಿ ಕಾಲಂ, ವಿಚಿತ್ರ ಅನಿಸಿದ್ದು ಬರೆಯೋಕೆ. ಏನೂ ಕೇಳಿಸದ ದಿನವೂ 'ಕೇಳಿಸಲಿಲ್ಲ' ಅಂತ ಬರೆಸಿ. ಸಮಯ ಯುಟಿಸಿಯಲ್ಲೇ ಇರಲಿ, ಐದೂವರೆ ಗಂಟೆ ಕಳೆಯೋದು ಮಕ್ಕಳಿಗೆ ಎರಡು ದಿನದಲ್ಲಿ ರೂಢಿಯಾಗುತ್ತದೆ. ಲ್ಯಾಬ್ ಗೋಡೆಯ ಗಡಿಯಾರ ನೋಡಿ ಮಾತ್ರ ಬರೆಯಬೇಡಿ, ಮೊಬೈಲ್ ಸಮಯ ತಗೊಳ್ಳಿ. ಮೊದಲ ಗ್ರಾಫ್ ಆದ ಮೇಲೆ ಇಲ್ಲೇ ಹಾಕಿ ಮೇಷ್ಟ್ರೇ, ಇಳಿಜಾರು ಎಲ್ಲಿದೆ ಅಂತ ಎಲ್ಲರೂ ಸೇರಿ ನೋಡೋಣ.